ಬರಿಗಾಲಿನ ಆಟಗಾರ ಅಹ್ಮದ್ ಖಾನ್

ಮಳೆಗಾಲದಲ್ಲಿ ಗದ್ದೆ ಅಂಚಿನ ಮೇಲೆ ನಾವು ಹೇಗೆ ನಡೀತೀವಿ? ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ತೀವಿ. ಬರಿಗಾಲಲ್ಲಿ ನಡೀತೀವಿ. ಕಾಲಿನ ಬೆರಳು ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಎಲ್ಲಿ ಜಾರುತ್ತೆ, ಎಲ್ಲಿ ಗಟ್ಟಿ ಇದೆ ಅಂತ ಕಣ್ಣಿಗಿಂತ ಮೊದಲು ಕಾಲಿಗೇ ಗೊತ್ತಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಬರಿಗಾಲನ್ನೇ ನಂಬಿಕೊಂಡು ಲಂಡನ್ನಿಗೆ ಹೋಗಿ ಆಡಿ ಬಂದ ಒಬ್ಬರ ವಿಷಯ ಈಗ ಓದೋಣ. ಅವರ ಹೆಸರು ಅಹ್ಮದ್ ಖಾನ್. ಊರು ಬೆಂಗಳೂರು. ಆಟ ಫುಟ್‌ಬಾಲ್, ಅಂದರೆ ಕಾಲ್ಚೆಂಡು.

ನಮ್ಮ ಹಳ್ಳಿಗಳಲ್ಲಿ ಕಬಡ್ಡಿ, ವಾಲಿಬಾಲ್ ಹೆಚ್ಚು. ಹಾಗಾಗಿ ಈ ಆಟದ ಬಗ್ಗೆ ಎರಡು ಮಾತು ಹೇಳ್ತೀವಿ. ಒಂದು ತಂಡದಲ್ಲಿ 11 ಮಂದಿ. ಗೋಲು ಕಾಯುವವನನ್ನು ಬಿಟ್ಟು ಯಾರೂ ಆಟದ ನಡುವೆ ಚೆಂಡನ್ನು ಕೈಯಿಂದ ಆಡಬಾರದು. ಕೆಲವರು ಹಿಂದೆ ನಿಂತು ಎದುರಾಳಿಗಳನ್ನು ತಡೀತಾರೆ. ಕೆಲವರು ಮುಂದೆ ನುಗ್ಗಿ ಗೋಲು ಹೊಡೀತಾರೆ. ಅಹ್ಮದ್ ಖಾನ್ ಮುಂದೆ ನುಗ್ಗುವ ಸಾಲಿನವರು.

ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಆಗ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷರ ಸೈನ್ಯ ಇತ್ತು. ಫುಟ್‌ಬಾಲ್ ಆಟ ಊರಿಗೆ ಬಂದದ್ದು ಆ ಸಿಪಾಯಿಗಳ ಜೊತೆಗೆ. ಅವರು ಬೂಟು ಹಾಕಿ ಆಡುತ್ತಿದ್ದರು. ನಮ್ಮ ಹುಡುಗರು ನೋಡಿ ಕಲಿತು ಬರಿಗಾಲಲ್ಲೇ ಆಡಿದರು. ಅಹ್ಮದ್ ಖಾನ್ ಅವರ ತಂದೆ ಬಾಬಾ ಖಾನ್ ಕೂಡ ಆಟಗಾರ. ಅಣ್ಣತಮ್ಮಂದಿರೂ ಆಡುತ್ತಿದ್ದರು. ಮನೆಯೇ ಒಂದು ಪಾಠಶಾಲೆ ಅನ್ನಿ.

ಬೂಟು ಕೊಳ್ಳಲು ದುಡ್ಡಿಲ್ಲದೆ ಬರಿಗಾಲಲ್ಲಿ ಆಡಿದರು ಅಂತ ಕೆಲವರು ಹೇಳ್ತಾರೆ. ಅದು ಅರ್ಧ ನಿಜ. ಇನ್ನರ್ಧ ಏನು? ಬರಿಗಾಲಿಗೆ ಚೆಂಡು ತಾಗುವುದು ಚೆನ್ನಾಗಿ ತಿಳಿಯುತ್ತದೆ. ಹೆಬ್ಬೆರಳಿಂದ ಸ್ವಲ್ಪ ತಿರುವಿದರೆ ಚೆಂಡು ಆ ಕಡೆಗೆ ಹೊರಳುತ್ತದೆ. ಚಿಕ್ಕಂದಿನಿಂದ ಹೀಗೇ ಆಡಿದವರಿಗೆ ಬೂಟು ಹಾಕಿದರೆ ಕಾಲು ಕಟ್ಟಿದ ಹಾಗೆ ಆಗ್ತಿತ್ತು. ಅಹ್ಮದ್ ಖಾನ್ ಚೆಂಡನ್ನು ಕಾಲಲ್ಲಿ ಆಡಿಸುವುದನ್ನು ನೋಡಿ ಜನ ಅವರನ್ನು 'ಹಾವಾಡಿಗ' ಅಂತ ಕರೆದರು. ಪುಂಗಿಗೆ ಹಾವು ಆಡುವ ಹಾಗೆ ಅವರ ಕಾಲಿಗೆ ಚೆಂಡು ಆಡುತ್ತಿತ್ತು.

1948ರಲ್ಲಿ ಲಂಡನ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಮ್ಮ ತಂಡದಲ್ಲಿ ಬೆಂಗಳೂರಿನವರು ಹಲವರಿದ್ದರು. ಜುಲೈ 31ರಂದು ಫ್ರಾನ್ಸ್ ಎದುರು ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಎದುರಾಳಿಗಳ ಕಾಲಲ್ಲಿ ಬೂಟು. ಬೂಟಿನ ಅಡಿಯಲ್ಲಿ ಜಾರದ ಹಾಗೆ ಗುಬುಟುಗಳಿರುತ್ತವೆ. ಅದು ಕಾಲಿನ ಮೇಲೆ ಬಿದ್ದರೆ ಏನಾಗುತ್ತದೆ, ನೀವೇ ಯೋಚನೆ ಮಾಡಿ. ಆದರೂ ನಮ್ಮವರು ಹೆದರಲಿಲ್ಲ. ಬೆಂಗಳೂರಿನ ಸಾರಂಗಪಾಣಿ ರಾಮನ್ 70ನೇ ನಿಮಿಷದಲ್ಲಿ ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ಕೈ ತಪ್ಪಿದವು. ಆಟ ಮುಗಿಯಲು ಒಂದೇ ನಿಮಿಷ ಇದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು.

ನಮ್ಮ ತಂಡದ ನಾಯಕ ನಾಗಾ ಗುಡ್ಡದ ತಾಲಿಮೆರೆನ್ ಆವೊ. ಮುಂದೆ ಡಾಕ್ಟರಾದವರು. ಬರಿಗಾಲೇಕೆ ಅಂತ ಅಲ್ಲಿಯವರು ಕೇಳಿದಾಗ, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಅಂದರಂತೆ! ಫುಟ್ ಅಂದರೆ ಇಂಗ್ಲಿಷಿನಲ್ಲಿ ಕಾಲು.

ಮರು ವರ್ಷ, 1949ರಲ್ಲಿ, ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ದೇಶ ಒಡೆದ ಕಾಲ ಅದು. ಪೂರ್ವ ಬಂಗಾಳದ ಎಷ್ಟೋ ಹಿಂದೂ ಕುಟುಂಬಗಳು ಮನೆ, ಗದ್ದೆ ಎಲ್ಲ ಬಿಟ್ಟು ಕಲ್ಕತ್ತೆಗೆ ಬಂದು ಗುಡಿಸಲು ಹಾಕಿಕೊಂಡಿದ್ದವು. ಊರು ಹೋಯಿತು, ಊರಿನ ಹೆಸರಿನ ತಂಡ ಉಳಿಯಿತು. ಆ ಜನ ಈ ತಂಡದ ಆಟ ನೋಡಲು ಮೈದಾನಕ್ಕೆ ಸೇರುತ್ತಿದ್ದರು. ತಂಡದ ಮುಂದಿನ ಸಾಲಿನ ಐವರನ್ನು 'ಪಂಚಪಾಂಡವರು' ಅಂತ ಕರೆದರು. ಯಾರು ಆ ಐವರು? ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್, ಆಂಧ್ರದ ಅಪ್ಪಾರಾವ್, ಕೇರಳದ ಸಾಲೆ, ಮತ್ತೆ ವೆಂಕಟೇಶ್. ಐವರೂ ದಕ್ಷಿಣದವರು. ಇಬ್ಬರು ಮುಸಲ್ಮಾನರು. 1949, 1950, 1951 ಹೀಗೆ ಮೂರು ವರ್ಷ ಸಾಲಾಗಿ ತಂಡ ಐ.ಎಫ್.ಎ. ಷೀಲ್ಡ್ ಗೆದ್ದಿತು.

1950ರಲ್ಲಿ ಬ್ರೆಜಿಲ್ ದೇಶದ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶ ಸಿಕ್ಕಿತ್ತು. ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನುವ ಮಾತು ಈಗಲೂ ಕೇಳಿಬರುತ್ತದೆ. ಅದೊಂದೇ ಕಾರಣ ಅಂತ ನಂಬಬೇಡಿ. ಹಡಗಿನಲ್ಲಿ ಬಹಳ ದೂರದ ಪ್ರಯಾಣ. ಅಭ್ಯಾಸಕ್ಕೆ ಸಮಯ ಸಾಲದು. ಅದಲ್ಲದೆ ಆಗ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದು. ಮರುವರ್ಷ ದೆಹಲಿಯಲ್ಲಿ ನಡೆದ ಮೊದಲ ಏಷ್ಯಾ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ಅಹ್ಮದ್ ಖಾನ್ ಆ ತಂಡದಲ್ಲೂ ಇದ್ದರು.

ಆಮೇಲೆ 1952 ಬಂತು. ಫಿನ್‌ಲ್ಯಾಂಡ್ ದೇಶದ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್. ಅದು ಚಳಿ ದೇಶ. ತಣ್ಣನೆಯ ಮೈದಾನದಲ್ಲಿ ಬರಿಗಾಲು ಮರಗಟ್ಟಿದರೆ ಚೆಂಡು ತಾಗಿದ್ದೂ ಸರಿಯಾಗಿ ತಿಳಿಯುವುದಿಲ್ಲ. ಪುಷ್ಯ ಮಾಸದ ಬೆಳಗಿನ ಜಾವ ಬರಿಗಾಲಲ್ಲಿ ತೋಟಕ್ಕೆ ಇಳಿದವರಿಗೆ ಇದು ಅರ್ಥವಾಗುತ್ತದೆ. ಎದುರಾಳಿ ಯುಗೊಸ್ಲಾವಿಯ. ಬಹಳ ಬಲವಾದ ತಂಡ. ಆ ಸಲ ಬೆಳ್ಳಿ ಪದಕ ಪಡೆದದ್ದೂ ಅದೇ. ಅವರು 10 ಗೋಲು ಹೊಡೆದರು. ನಮ್ಮದು 1. ಅದನ್ನು ಹೊಡೆದವರು ಅಹ್ಮದ್ ಖಾನ್, ಆಟದ 89ನೇ ನಿಮಿಷದಲ್ಲಿ. ಒಂಬತ್ತೋ ಹತ್ತೋ ಗೋಲು ತಿಂದ ಮೇಲೂ ಅವರು ಮುಂದೆ ನುಗ್ಗುವುದನ್ನು ಬಿಟ್ಟಿರಲಿಲ್ಲ, ನೋಡಿ.

ಸೋಲಿಗೆ ಬರಿಗಾಲೊಂದೇ ಕಾರಣ ಅಂತ ನಮಗೆ ಅನಿಸುವುದಿಲ್ಲ. ಬೂಟು ಹಾಕಿದ್ದರೂ ಆ ತಂಡದ ಎದುರು ಗೆಲ್ಲುವುದು ಕಷ್ಟವೇ ಇತ್ತು. ಆದರೆ ಈ ಸೋಲಿನ ನಂತರ ದೇಶದ ಆಟಗಾರರು ಬೂಟು ಹಾಕಿಯೇ ಆಡಬೇಕು ಅಂತ ನಿಯಮ ಆಯಿತು. ಹುಡುಗರು ಮೊದಲಿನಿಂದಲೇ ಬೂಟಿನಲ್ಲಿ ಕಲಿಯತೊಡಗಿದರು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ನಾಲ್ಕನೇ ಸ್ಥಾನಕ್ಕೆ ಬಂದಿತು.

ಅಹ್ಮದ್ ಖಾನ್ ಆ ತಂಡದಲ್ಲಿ ಇರಲಿಲ್ಲ. ಅವರು 1959ರವರೆಗೆ ಈಸ್ಟ್ ಬೆಂಗಾಲ್ ತಂಡದಲ್ಲಿ ಆಡಿದರು. ಹತ್ತು ವರ್ಷ ಒಂದೇ ತಂಡ. 2017ರ ಆಗಸ್ಟ್ 27ರಂದು ತಮ್ಮೂರು ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 90 ವರ್ಷ.