ಗರಿಕೆಯ ಮಳೆಗಾಲ

ಕಾಫಿಗೆ ನೆರಳು ಬೇಕು, ಗರಿಕೆಗೆ ಬಿಸಿಲು ಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಾಡಿನಲ್ಲಿ ಗಾಲ್ಫ್ ಮೈದಾನ ಸಾಕುವವರ ಅರ್ಧ ಕಷ್ಟ ಇಷ್ಟರಲ್ಲೇ ಇದೆ. ಉಳಿದರ್ಧ ಮಳೆಯದು.

ಗಾಲ್ಫ್ ಮೈದಾನದ ಹುಲ್ಲು ಎಲ್ಲಿಂದಲೋ ತಂದ ಅಪರೂಪದ ವಸ್ತು ಎಂದುಕೊಂಡವರು ಬಹಳ. ಆದರೆ ಬಿಸಿ ನಾಡುಗಳಲ್ಲಿ ಗುಳಿಯತ್ತ ಸಾಗುವ ಹುಲ್ಲುಹಾದಿಗಳಾದ ಫೇರ್‌ವೇಗಳಲ್ಲಿ ಹಬ್ಬಿರುವುದು ಬಹುಪಾಲು ಗರಿಕೆಯೇ, ಚೌತಿಯಂದು ಗಣಪತಿಗೆ ಏರಿಸುವ ಅದೇ ಗರಿಕೆ. ಚೆಂಡು ಗುಳಿಗೆ ಬೀಳುವ ನುಣುಪಾದ ಗ್ರೀನ್‌ಗಳಿಗೆ ಹೆಚ್ಚಾಗಿ ಇದರ ಸಂಕರ ತಳಿಗಳನ್ನು ಬಳಸುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ನಮ್ಮ ಗರಿಕೆಯ ಜಾತಿಯನ್ನು ಆಫ್ರಿಕದ ಇನ್ನೊಂದು ಗರಿಕೆಯೊಂದಿಗೆ ಕೂಡಿಸಿ ಇಂಥ ತಳಿಗಳ ಸಾಲನ್ನೇ ಆರಂಭಿಸಿದರು. 1965ರಲ್ಲಿ ಹೊರಬಂದ ಟಿಫ್‌ಡ್ವಾರ್ಫ್ ಭಾರತದ ಅನೇಕ ಗ್ರೀನ್‌ಗಳಲ್ಲಿ ಈಗಲೂ ಇದೆ. ಇವು ಬೀಜ ಕಟ್ಟುವುದಿಲ್ಲ. ಬಳ್ಳಿಯ ತುಂಡುಗಳನ್ನು ನೆಟ್ಟೇ ಹಬ್ಬಿಸಬೇಕು. ಒಂದು ಗ್ರೀನ್ ಸತ್ತರೆ ಚೀಲದ ಬೀಜ ಚೆಲ್ಲಿ ತಿಂಗಳಲ್ಲಿ ಸರಿಮಾಡಿಕೊಳ್ಳುವ ದಾರಿ ಇಲ್ಲ.

ಕಾಫಿ ನಾಡಿಗೆ ಈ ಆಟ ಪ್ಲಾಂಟರುಗಳ ಜೊತೆ ಬಂದದ್ದು. ಕೊಡಗಿನಲ್ಲಿ ಪಾಲಿಬೆಟ್ಟದ ಒಂಬತ್ತು ಗುಳಿಗಳ ಮೈದಾನ, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಇತ್ತ ಚಿಕ್ಕಮಗಳೂರು ಗಾಲ್ಫ್ ಕ್ಲಬ್, ಎಲ್ಲವೂ ತೋಟಗಳ ಮಗ್ಗುಲಲ್ಲೇ ಇರುವ ಮೈದಾನಗಳು. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಬಯಲುಸೀಮೆಯ ಮೈದಾನದಲ್ಲಿ ನಡೆಯುವ ಲೆಕ್ಕ ಇಲ್ಲಿ ನಡೆಯದು. ಇಲ್ಲಿ ಹುಲ್ಲನ್ನು ಒಂದು ಬೆಳೆ ಎಂದೇ ಕಾಣಬೇಕು. ತೋಟದ ಕೆಲಸ ತಿಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ ಕ್ಲಬ್ಬಿನ ಗೇಟು ದಾಟಿದೊಡನೆ ಅದೇ ಪ್ಲಾಂಟರು ಹನ್ನೆರಡು ತಿಂಗಳೂ ಟಿವಿಯಲ್ಲಿ ಕಂಡ ಹಸಿರನ್ನೇ ಕೇಳುತ್ತಾರೆ.

ಟಿವಿಯ ಹಸಿರಿಗೆ ಎಲ್ಲರೂ ತೋರಿಸುವುದು ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನವನ್ನು. ಆ ಕ್ಲಬ್ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಬಾಗಿಲು ಹಾಕಿಕೊಂಡಿರುತ್ತದೆ. ಹುಲ್ಲಿಗೆ ಒಗ್ಗದ ಕಾಲದಲ್ಲಿ ಅಲ್ಲಿ ಸದಸ್ಯರಿಗೂ ಆಟವಿಲ್ಲ.

ಮೃಗಶಿರ ಮಳೆ ಹಿಡಿದರೆ ಇಲ್ಲಿ ಹುಲ್ಲಿಗೆ ನೀರಿನದೊಂದೇ ಕಾಟವಲ್ಲ, ಬೆಳಕಿನ ಬರವೂ ಇರುತ್ತದೆ. ಗರಿಕೆ 27ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಿಚ್ಚು ಬಿಸಿಲಿನಲ್ಲಿ ಚೆನ್ನಾಗಿ ಬೆಳೆಯುವ ಹುಲ್ಲು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಒಂದರ ಬೆನ್ನಿಗೊಂದು ಸುರಿಯುವಾಗ ವಾರಗಟ್ಟಲೆ ಸೂರ್ಯ ಮೋಡದಾಚೆಗೇ ಉಳಿಯುತ್ತಾನೆ. ಆಗ ಎಲೆ ತೆಳುವಾಗುತ್ತದೆ, ಬೇರು ಮೇಲಕ್ಕೆ ಬರುತ್ತದೆ, ಹುಲ್ಲು ತೆಳ್ಳಗಾದ ಜಾಗಕ್ಕೆ ಪಾಚಿ ನುಗ್ಗುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸುತ್ತಿದ್ದ ಗ್ರೀನನ್ನು ಈಗ ಒಂದೆರಡು ಮಿಲಿಮೀಟರ್ ಎತ್ತರಿಸಿಯೇ ಕತ್ತರಿಸಬೇಕು. ಸಿಕ್ಕಷ್ಟು ಬೆಳಕನ್ನು ಹೀರಲು ಹುಲ್ಲಿಗೆ ಅಷ್ಟಾದರೂ ಎಲೆ ಬೇಕು. ಚೆಂಡು ನಿಧಾನ ಉರುಳುತ್ತದೆಂಬ ದೂರು ಬಂದೇ ಬರುತ್ತದೆ. ದೂರಿಗೆ ಬಗ್ಗಿ ಮೋವರಿನ ಅಲಗನ್ನು ಇಳಿಸಿದ ಕ್ಲಬ್ಬು ಸೆಪ್ಟೆಂಬರಿನಲ್ಲಿ ಬರಿಮಣ್ಣು ನೋಡಬೇಕಾಗುತ್ತದೆ.

ಮರಗಳ ಪ್ರಶ್ನೆಯೂ ಇಲ್ಲೇ ಏಳುತ್ತದೆ. ತೋಟದಲ್ಲಿ ಮಳೆಗೆ ಮುಂಚೆ ಮರಗಸಿ ಮಾಡುತ್ತಾರೆ. ನೆರಳನ್ನು ತೆಳುಮಾಡಿ, ಗಾಳಿ ಆಡುವಂತೆ ಕೊಂಬೆ ಇಳಿಸುತ್ತಾರೆ. ಗ್ರೀನಿನ ಮೂಡಣ ದಿಕ್ಕಿನ ಸಿಲ್ವರ್ ಓಕ್‌ಗಳಿಗೂ ಅದೇ ಮರಗಸಿ ಬೇಕು. ಬೆಳಗಿನ ಬಿಸಿಲು ಇಬ್ಬನಿಯನ್ನು ಬೇಗ ಒಣಗಿಸಿದಷ್ಟೂ ಬೂಸ್ಟು ರೋಗ ದೂರ. ಮರ ಕಡಿಯಬೇಕೆಂದೇನಿಲ್ಲ, ಕೆಳಗಿನ ಕೊಂಬೆಗಳನ್ನು ಎತ್ತರಿಸಿದರೆ ಎಷ್ಟೋ ಕಡೆ ಸಾಕಾಗುತ್ತದೆ.

ಆದರೆ ಮಲೆನಾಡಿನ ಮೈದಾನದ ಹಣೆಬರಹ ನಿರ್ಧಾರವಾಗುವುದು ಹುಲ್ಲಿನ ಕೆಳಗೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಗ್ರೀನ್ ಕಟ್ಟುವ ಒಂದು ಕ್ರಮವನ್ನು ಪ್ರಕಟಿಸಿತು. ತಳದಲ್ಲಿ ಕಾಲುವೆ ತೋಡಿ ಕೊಳವೆ, ಅದರ ಮೇಲೆ ಹತ್ತು ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಮೂವತ್ತು ಸೆಂಟಿಮೀಟರ್ ಮರಳು. ಮಳೆ ಎಷ್ಟೇ ಬಿರುಸಾಗಿದ್ದರೂ ನೀರು ಮರಳಿನಲ್ಲಿ ಇಳಿದು ಕೊಳವೆ ಸೇರುತ್ತದೆ, ಬೇರಿಗೆ ಬೇಕಾದಷ್ಟು ತೇವ ಮರಳಿನಲ್ಲಿ ಉಳಿಯುತ್ತದೆ. ಹಳೆಯ ಕಾಲದಂತೆ ಸ್ಥಳದ ಕೆಂಪು ಮಣ್ಣನ್ನೇ ಗುಡ್ಡೆ ಹಾಕಿ ಮಾಡಿದ ಗ್ರೀನಿಗೆ ಈ ಅನುಕೂಲವಿಲ್ಲ. ಆಟಗಾರರ ಕಾಲ್ತುಳಿತಕ್ಕೆ ಆ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ, ಗಾಳಿ ಸಿಗದೆ ಬೇರು ಕೊಳೆಯುತ್ತದೆ.

ಅಂಥ ಗ್ರೀನಿಗೆ ಉಳಿದಿರುವ ಮದ್ದು ತೂತು ಹೊಡೆಯುವುದು. ಪೊಳ್ಳು ಮೊಳೆಗಳ ಯಂತ್ರ ಬೆರಳುಗಾತ್ರದ ಮಣ್ಣಿನ ತಿರುಳುಗಳನ್ನು ಕಿತ್ತು ಹಾಕುತ್ತದೆ, ಆ ತೂತುಗಳಿಗೆ ಮರಳು ತುಂಬುತ್ತಾರೆ. ಹೂಮಳೆ ಬಿದ್ದು ನೆಲ ಬಿಸಿಯಾಗಿರುವ ಏಪ್ರಿಲ್, ಮೇ ತಿಂಗಳು ಇದಕ್ಕೆ ಪ್ರಶಸ್ತ. ಗರಿಕೆ ಭರದಿಂದ ಬೆಳೆಯುತ್ತಿರುವುದರಿಂದ ಗಾಯ ಎರಡು ಮೂರು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟೂ ದಿನ ಚೆಂಡು ಕುಪ್ಪಳಿಸುತ್ತದೆ, ಸದಸ್ಯರಿಗೆ ಬೇಸರ. ಹೀಗಾಗಿ ಕ್ಲಬ್ ಸಮಿತಿಗಳು ಎಲ್ಲಕ್ಕಿಂತ ಮೊದಲು ಮುಂದೂಡುವ ಕೆಲಸವೂ ಇದೇ. ಮುಂದೂಡಿದರೆ ರೋಹಿಣಿ ಕಳೆದು ಮಳೆ ಹಿಡಿಯುತ್ತದೆ, ಆ ವರ್ಷದ ಅವಕಾಶ ಹೋದಂತೆಯೇ.

ಫೇರ್‌ವೇಗಳಲ್ಲಿ ಕೊಳವೆ ಹೂಳುವ ಖರ್ಚು ಯಾವ ಕ್ಲಬ್ಬಿಗೂ ದೊಡ್ಡದು. ಅಲ್ಲಿ ಬಸಿಗಾಲುವೆಯೇ ಗತಿ. ಇಳಿಜಾರಿನ ಮೇಲ್ಭಾಗದಲ್ಲಿ ಅಡ್ಡ ಕಾಲುವೆ ತೆಗೆದು ಗುಡ್ಡದ ನೀರನ್ನು ಮೈದಾನಕ್ಕೆ ಇಳಿಯುವ ಮೊದಲೇ ತಿರುಗಿಸಬೇಕು. ಎಲ್ಲಿ ಒರತೆ ಏಳುತ್ತದೆ, ಎಲ್ಲಿ ಜೌಗು ಎಂದು ನಕ್ಷೆಗಿಂತ ಅಲ್ಲೇ ಕೆಲಸ ಮಾಡಿದ ಹಳೆಯ ಆಳುಗಳಿಗೆ ಹೆಚ್ಚು ಗೊತ್ತಿರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಕೊಚ್ಚಿಹೋದದ್ದನ್ನು ಕಂಡ ಮೇಲಾದರೂ, ಇಳಿಜಾರು ಕಡಿದು ಸಮತಟ್ಟು ಮಾಡುವ ಮುನ್ನ ನೀರಿನ ದಾರಿ ಯಾವುದೆಂದು ಕೇಳಿಕೊಳ್ಳಲೇಬೇಕು.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಮಣ್ಣಿನಿಂದ ದುಂಬಿಗಳು ಎದ್ದು ಮರಗಳಿಗೆ ಮುತ್ತುತ್ತವೆ. ಗೊಣ್ಣೆಹುಳುವಿನ ತಾಯಂದಿರು ಇವೇ. ಇವು ಇಟ್ಟ ಮೊಟ್ಟೆಯಿಂದ ಬಂದ ಮರಿಗಳು ಸೆಪ್ಟೆಂಬರ್‌ವರೆಗೂ ಹುಲ್ಲಿನ ಬೇರು ತಿನ್ನುತ್ತವೆ. ಆ ಹುಳುಗಳ ವಾಸನೆ ಹಿಡಿದು ಕಾಡುಹಂದಿ ಬರುತ್ತದೆ. ಒಂದು ರಾತ್ರಿಯಲ್ಲಿ ಫೇರ್‌ವೇಯನ್ನು ಉತ್ತಂತೆ ಮಾಡಿ ಹೋಗುತ್ತದೆ. ಅಮೆರಿಕದ ಅರಿಜೋನದಲ್ಲೂ ಹಂದಿಯಂಥದೇ ಪ್ರಾಣಿಗಳು 2023ರಲ್ಲಿ ಒಂದು ಮೈದಾನವನ್ನು ಹೀಗೇ ಕೆದರಿ ಹಾಕಿದ ಚಿತ್ರಗಳು ಲೋಕವೆಲ್ಲ ಸುತ್ತಿದವು. ಬೇಲಿಗಿಂತ ಮೊದಲು ಮಾಡಬೇಕಾದ ಕೆಲಸ, ಆ ಮೊದಲ ಸಂಜೆಗಳಲ್ಲಿ ಬೆಳಕಿನ ಬಲೆ ಇಟ್ಟು ದುಂಬಿಗಳನ್ನೇ ಹಿಡಿಯುವುದು. ಹುಳ ಕಡಿಮೆಯಾದರೆ ಹಂದಿಗೂ ಅಲ್ಲಿ ಹೆಚ್ಚು ಕೆಲಸವಿರದು. ಔಷಧಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೇಮಾವತಿ ಹುಟ್ಟುವುದು ಮೂಡಿಗೆರೆಯ ಜಾವಳಿಯಲ್ಲಿ, ಭದ್ರೆ ಕಳಸವನ್ನು ದಾಟಿಯೇ ಹರಿಯುತ್ತಾಳೆ. ಮಳೆಗೆ ಮೊದಲು ಸುರಿದ ಯೂರಿಯಾ ಆಗಲಿ, ವಿಷವಾಗಲಿ ಮೈದಾನದಲ್ಲಿ ನಿಲ್ಲುವುದಿಲ್ಲ, ಹಳ್ಳಕ್ಕಿಳಿದು ಊರೂರಿನ ಕುಡಿಯುವ ನೀರು ಸೇರುತ್ತದೆ.

ಹುಬ್ಬ, ಉತ್ತರೆ ಕಳೆದು ಮೋಡ ಹರಿದ ಮೇಲೆ ಆಟದ ಸೊಗಸಾದ ಕಾಲ. ಅಲಗನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ತೆಳುವಾಗಿ ಮರಳು ಹರಡುತ್ತ ಹೋದರೆ ದೀಪಾವಳಿಯ ಹೊತ್ತಿಗೆ ಗ್ರೀನ್ ಮತ್ತೆ ಚುರುಕಾಗುತ್ತದೆ. ತೊಂದರೆ ಬೇರೆ ಕಡೆಯಿಂದ ಬರುತ್ತದೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಊರಿನ ಆಳುಗಳೆಲ್ಲ ಕೊಯ್ಲಿಗೆ. ಕೈಯಲ್ಲಿ ಕಳೆ ಕೀಳುವ, ಬಂಕರ್ ಎಂಬ ಮರಳುಗುಂಡಿಗಳ ಮರಳು ಎಳೆಯುವ ಹೆಂಗಸರು ತೋಟದ ಕೂಲಿ ಬಿಟ್ಟು ಕ್ಲಬ್ಬಿಗೆ ಯಾಕೆ ಬರಬೇಕು? ಪಂದ್ಯಗಳ ಪಟ್ಟಿ ಹಾಕುವಾಗ ಈ ಲೆಕ್ಕ ನೆನಪಿರಬೇಕು. ವರ್ಷವಿಡೀ ಸಂಬಳ ಕೊಟ್ಟು ಖಾಯಂ ತಂಡವೊಂದನ್ನು ಇಟ್ಟುಕೊಂಡ ಕ್ಲಬ್ಬಿಗೆ ಮಾತ್ರ ಜನವರಿಯಲ್ಲೂ ಮೈದಾನ ಕೈಗೆ ಸಿಗುತ್ತದೆ.

ಫೆಬ್ರವರಿ, ಮಾರ್ಚ್ ಬಂದರೆ ನೀರಿನ ಪ್ರಶ್ನೆ. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆಗಳು ತಳ ಕಾಣುವ ಹೊತ್ತಿಗೇ ಮೈದಾನಕ್ಕೂ ದಾಹ. ಲೆಕ್ಕ ಹಾಕಿ ನೋಡಿದರೆ ದಾರಿ ಕಾಣುತ್ತದೆ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ನೀರೆಂದರೆ 10,000 ಲೀಟರ್. ಒಂದೊಂದೂ 500 ಚದರ ಮೀಟರಿನ ಹದಿನೆಂಟು ಗ್ರೀನ್‌ಗಳು ಕೂಡಿದರೂ ಒಂದು ಹೆಕ್ಟೇರ್ ಆಗವು. ದಿನಕ್ಕೆ ಐದು ಮಿಲಿಮೀಟರಿನಂತೆ ಕೊಟ್ಟರೆ ಅವಕ್ಕೆ 45,000 ಲೀಟರ್ ಸಾಕು. ಮೂವತ್ತು ಎಕರೆ ಫೇರ್‌ವೇಗೆ ಇದೇ ಪ್ರಮಾಣದಲ್ಲಿ ಆರು ಲಕ್ಷ ಲೀಟರ್ ಬೇಕು. ಗ್ರೀನ್ ಮತ್ತು ಮೊದಲ ಹೊಡೆತದ ಜಾಗವಾದ ಟೀಗಳನ್ನು ಉಳಿಸಿಕೊಂಡು ಫೇರ್‌ವೇಯನ್ನು ಒಣಗಲು ಬಿಡುವುದೇ ಬುದ್ಧಿವಂತಿಕೆ. ಗರಿಕೆ ಸಾಯುವುದಿಲ್ಲ. ನೆಲದೊಳಗಿನ ಬೇರುಕಾಂಡ ಒಂದು ಹದ ಮಳೆಗೆ ಮತ್ತೆ ಚಿಗುರುತ್ತದೆ. ಮೈದಾನ ಕಂದಾದರೆ ಆಟವೇನೂ ನಿಲ್ಲುವುದಿಲ್ಲ. 2006ರಲ್ಲಿ ಟೈಗರ್ ವುಡ್ಸ್ ಬ್ರಿಟಿಷ್ ಓಪನ್ ಗೆದ್ದ ಹಾಯ್‌ಲೇಕ್‌ನ ಫೇರ್‌ವೇಗಳು ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ್ದವು. ಗಟ್ಟಿ ನೆಲದಲ್ಲಿ ಚೆಂಡು ದೂರ ಓಡುತ್ತಿದ್ದುದರಿಂದ ಅವರು ನಾಲ್ಕೂ ದಿನ ಸೇರಿ ದೂರ ಹೊಡೆಯುವ ಕೋಲಾದ ಡ್ರೈವರ್ ಎತ್ತಿದ್ದು ಒಂದೇ ಸಲ. ನಮ್ಮಲ್ಲೇ ಕೋಲಾರ ಚಿನ್ನದ ಗಣಿಯ ಮೈದಾನದಲ್ಲಿ ಹುಲ್ಲಿನ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ 'ಬ್ರೌನ್'ಗಳ ಮೇಲೆ ಆಟ ನಡೆದಿತ್ತು.

ಈ ಕೆಲಸಗಳನ್ನೆಲ್ಲ ಕಾಲಕ್ಕೆ ಸರಿಯಾಗಿ ಹೊಂದಿಸಲು ಬೇಕಾದ ದಾಖಲೆ ಸದಸ್ಯರ ಮನೆಯಲ್ಲೇ ಇದೆ. ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು, ಬೆಳಗ್ಗೆ ಬೆಳಗ್ಗೆ ಇಂಚು, ಸೆಂಟುಗಳಲ್ಲಿ ಮಳೆ ಬರೆದಿಡುವುದು ತಲೆಮಾರುಗಳಿಂದ ಬಂದ ಕ್ರಮ. ಮೊದಲ ಹೂಮಳೆ ಯಾವಾಗ, ಮುಂಗಾರು ಯಾವ ವಾರ ಹಿಡಿಯಿತು, ಎಷ್ಟು ದಿನ ಹೊಳವಾಗಲಿಲ್ಲ ಎಂಬುದೆಲ್ಲ ಆ ಪುಸ್ತಕಗಳಲ್ಲಿದೆ. ಗ್ರೀನಿಗೆ ತೂತು ಹೊಡೆಯುವ ತಾರೀಖು, ಬಸಿಗಾಲುವೆಯ ಹೂಳು ತೆಗೆಯುವ ವಾರ, ಮೈದಾನ ಮುಚ್ಚುವ ದಿನಗಳನ್ನು ಸಮಿತಿಯವರು ಅವನ್ನು ನೋಡಿ ಜನವರಿಯಲ್ಲೇ ಗೊತ್ತುಮಾಡಿ, ನೋಟಿಸ್ ಬೋರ್ಡಿಗೆ ಹಾಕಬಹುದು. ಪಂದ್ಯಗಳ ದಿನಾಂಕ ಆಮೇಲೆ ಹುಡುಕಿಕೊಂಡರಾಯಿತು.