ಹೂಳಿಗೂ ನೆನಪಿದೆ ಸ್ವಾಮಿ!

ಸಿಂಧನೂರಿನ ರೈತರ ಮುಂದೆ ‘ಹೂಳು’ ಅಂದು ನೋಡಿ, ಸಿಟ್ಟು ನೆತ್ತಿಗೇರುತ್ತೆ. ಏರಬೇಕಾದ್ದೇ. ಶುರುವಿನಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇವತ್ತು ಹಿಡಿಯೋದು ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಏಟು ಬೀಳೋದು ಎಡದಂಡೆ ಕಾಲುವೆಯ ಕೊನೆಭಾಗದ ಗದ್ದೆಗೆ.

ಆದರೂ ಇವತ್ತು ಹೂಳಿನ ಪರವಾಗಿ ನಾನು ಎರಡು ಮಾತು ಆಡ್ತೀನಿ. ಹೂಳು ಅಂದ್ರೆ ಲೆಕ್ಕದ ಪುಸ್ತಕ. ಈ ವರ್ಷದ್ದು ಹೋದ ವರ್ಷದ್ದರ ಮೇಲೆ ಕೂರುತ್ತೆ. ಕೆಳಗಿನದು ಹಳೇದು, ಮೇಲಿನದು ಹೊಸದು. ಇಂಥದ್ದೇ ಪುಸ್ತಕ ಧ್ರುವ ಸಮುದ್ರಗಳ ತಳದಲ್ಲೂ ಇದೆ, ಲಕ್ಷಾಂತರ ವರ್ಷಗಳದ್ದು.

ಅದನ್ನು ಹೊರತೆಗೆಯೋದು ಹೇಗೆ? ಲಿಂಗಸುಗೂರು ತಾಲೂಕಿನ ಹಟ್ಟಿಯವರಿಗೆ ನಾನು ಹೇಳಿಕೊಡಬೇಕಿಲ್ಲ. ಚಿನ್ನ ಹುಡುಕೋರು ಡ್ರಿಲ್ ಇಳಿಸಿ ಕಲ್ಲಿನ ಕೋರ್ ತೆಗೀತಾರಲ್ಲ, ಹಾಗೇ. ವಿಜ್ಞಾನಿಗಳು ಹಡಗಿನಿಂದ ಕೊಳವೆ ಇಳಿಸಿ, ಸಮುದ್ರತಳಕ್ಕೆ ಚುಚ್ಚಿ, ಕೆಸರಿನ ಕಂಬವನ್ನೇ ಮೇಲೆತ್ತುತ್ತಾರೆ.

ಆ ಕೆಸರಲ್ಲಿ ಮೂರು ಸಾಕ್ಷಿಗಳಿವೆ. ನುಣ್ಣನೆ ಕೆಸರಿನ ನಡುವೆ ಒರಟು ಕಲ್ಲು ಸಿಕ್ಕರೆ, ತೇಲಿಬಂದ ಮಂಜುಗಡ್ಡೆ ಕರಗಿ ಅದನ್ನು ಬೀಳಿಸಿದೆ ಅಂತ ಅರ್ಥ. ಎರಡನೇದು ಡಯಾಟಮ್. ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ ಇದು. ಮಂಜುಗಡ್ಡೆಯಲ್ಲಿ ಬೆಳೆಯೋ ಜಾತಿ ಬೇರೆ, ತೆರೆದ ನೀರಿನದ್ದು ಬೇರೆ. ಮೂರನೇದು 2007ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಜಗತ್ತಿಗೆ ತಿಳಿಸಿದ ಐಪಿ-25. ಆರ್ಕ್ಟಿಕ್ ಮಂಜುಗಡ್ಡೆಯ ಪಾಚಿಯಷ್ಟೇ ತಯಾರಿಸೋ ಕೊಬ್ಬಿನಂಥ ವಸ್ತು ಅದು. ಸಿಕ್ಕರೆ ಅಲ್ಲಿ ಮಂಜುಗಡ್ಡೆ ಇತ್ತು. ಸಿಗದಿದ್ದರೆ? ಇರಲೇ ಇಲ್ಲ ಅನ್ನೋ ಹಾಗಿಲ್ಲ. ಬೆಳಕೂ ತೂರದಷ್ಟು ದಪ್ಪ ಇದ್ದಿರಬಹುದು. ಅದಕ್ಕೇ ಬೇರೆ ಪಾಚಿಗಳ ಗುರುತಿನ ಜೊತೆ ತಾಳೆ ನೋಡ್ತಾರೆ.

ಇಷ್ಟು ಕಷ್ಟ ಯಾಕೆ? ಉಪಗ್ರಹದ ನಿರಂತರ ಲೆಕ್ಕ ಸಿಗೋದು 1979ರ ಆಸುಪಾಸಿನಿಂದ ಮಾತ್ರ. ‘ಹಿಂದೆಯೂ ಕರಗಿತ್ತಲ್ಲ, ಈಗೇನು ವಿಶೇಷ?’ ಅಂತ ವಾದಿಸೋರಿಗೆ ಉತ್ತರ ಇರೋದು ಕೆಸರಿನಲ್ಲೇ. ಹೌದು, ಎಂಟು-ಹತ್ತು ಸಾವಿರ ವರ್ಷದ ಹಿಂದೆ ಆರ್ಕ್ಟಿಕ್‌ನ ಬೇಸಿಗೆ ಮಂಜುಗಡ್ಡೆ ಕಡಿಮೆ ಇತ್ತು. ಆಗ ಭೂಮಿಯ ವಾಲುವಿಕೆ, ಕಕ್ಷೆಯ ದೆಸೆಯಿಂದ ಅಲ್ಲಿನ ಬೇಸಿಗೆಗೆ ಹೆಚ್ಚು ಬಿಸಿಲು ಬೀಳ್ತಿತ್ತು. ಆಮೇಲೆ ಆ ಬಿಸಿಲು ಕಡಿಮೆಯಾಗುತ್ತಾ ಬಂದಿದೆ. ಲೆಕ್ಕದ ಪ್ರಕಾರ ಮಂಜುಗಡ್ಡೆ ಹೆಚ್ಚಬೇಕಿತ್ತು. ಆದರೆ ಕರಗ್ತಾ ಇದೆ! ಈ ಸಲ ಸೂರ್ಯನ ಮೇಲೆ ಗೂಬೆ ಕೂರಿಸೋ ಹಾಗಿಲ್ಲ. ಹೊಗೆ ನಮ್ಮದು.

ನಮ್ಮ ಭತ್ತಕ್ಕೂ ಅದಕ್ಕೂ ಏನ್ ಸಂಬಂಧ ಅಂತೀರಾ? ಕಾರಾ ಸಮುದ್ರದ ಬೇಸಿಗೆ ಮಂಜುಗಡ್ಡೆ ಕುಗ್ಗೋದಕ್ಕೂ ನಮ್ಮ ದೇಶದ ಸೆಪ್ಟೆಂಬರ್‌ನ ವಿಪರೀತ ಮಳೆಗೂ ನಂಟಿರಬಹುದು ಅಂತ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲೇ ಹೇಳಿದ್ದಾರೆ. ಸೆಪ್ಟೆಂಬರ್ ಅಂದ್ರೆ ಹೊಲದಲ್ಲಿ ಬೆಳೆ ನಿಂತಿರೋ ಕಾಲ.

1915ರಲ್ಲಿ ಚಿನ್ನ ಹುಡುಕ್ತಿದ್ದ ಎಂಜಿನಿಯರ್ ಬೀಡನ್‌ಗೆ ಮಸ್ಕಿಯಲ್ಲಿ ಶಾಸನ ಸಿಕ್ತು. ಅದರಲ್ಲಿ ಅಶೋಕನ ಹೆಸರೇ ಇತ್ತು. ‘ದೇವಾನಾಂಪ್ರಿಯ’ ಯಾರು ಅನ್ನೋ ಅನುಮಾನಕ್ಕೆ ಒಂದು ಬಂಡೆ ತೆರೆ ಎಳೆಯಿತು. ಕಲ್ಲಿನ ಮಾತು ನಂಬಿದ ನಾವು, ಕೆಸರಿನ ಮಾತನ್ನೂ ಸ್ವಲ್ಪ ಕೇಳೋಣ.