ಯಾವ ಚೀನಾ ತಿನ್ನೋಣ?

ಮೈಸೂರಿನ ಯಾವ ಬಡಾವಣೆಯ ಹೋಟೆಲಿಗೆ ಹೋದರೂ ಬೋರ್ಡಿನ ಮೇಲೆ ಮೂರು ಸಾಲು ಇದ್ದೇ ಇರುತ್ತದೆ: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್. ಬೆಳಿಗ್ಗೆ ಇಡ್ಲಿ, ವಡೆ ಇಳಿಸಿದ ಅಡುಗೆಮನೆಯೇ ಸಂಜೆ ನೂಡಲ್ಸ್ ಎಗರಿಸುತ್ತದೆ. ಕುವೆಂಪುನಗರ, ಸರಸ್ವತಿಪುರಂ, ಅಗ್ರಹಾರದ ಬೀದಿಗಳಲ್ಲಿ ದೀಪ ಹತ್ತುವ ಹೊತ್ತಿಗೆ ಗೋಬಿ ಗಾಡಿಗಳ ಬರ್ನರು ಭುಸುಗುಡತೊಡಗುತ್ತದೆ. ‘ಇವತ್ತು ಚೈನೀಸ್ ತಿನ್ನೋಣ’ ಎಂದು ಹೊರಡುವ ಮನೆಮಂದಿಗೆ ಜಾಗಕ್ಕೆ ಬರವಿಲ್ಲ. ಆದರೆ ಯಾವ ಚೀನಾ ಎಂಬ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳಿದರೆ ಊಟ ಇನ್ನಷ್ಟು ರುಚಿಸುತ್ತದೆ, ದುಡ್ಡೂ ಉಳಿಯುತ್ತದೆ.

ನಮ್ಮ ಊರಿನ ಚೈನೀಸ್ ನೇರವಾಗಿ ಚೀನಾದಿಂದ ಬಂದದ್ದಲ್ಲ, ಕಲ್ಕತ್ತಾ ಮತ್ತು ಮುಂಬೈ ಹಾದಿ ಹಿಡಿದು ಬಂದದ್ದು. 18ನೇ ಶತಮಾನದ ಕೊನೆಯಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿಗೆ ವಾರನ್ ಹೇಸ್ಟಿಂಗ್ಸ್ ಕಲ್ಕತ್ತಾದ ಬಳಿ ಜಮೀನು ಕೊಟ್ಟ. ಆತ ಅಲ್ಲಿ ಸಕ್ಕರೆ ಗಿರಣಿ ಹಾಕಿದ. ಆ ಜಾಗಕ್ಕೆ ಇಂದಿಗೂ ಅಚಿಪುರ ಎಂದೇ ಹೆಸರು. ಆಮೇಲೆ ಬಂದವರಲ್ಲಿ ಕ್ಯಾಂಟನ್ ಕಡೆಯವರು ಮರಗೆಲಸ ಹಿಡಿದರು, ಹುಬೇ ಪ್ರಾಂತದವರು ಹಲ್ಲಿನ ವೈದ್ಯರಾದರು, ಹಕ್ಕಾ ಜನ ಕಲ್ಕತ್ತಾದ ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸಕ್ಕೆ ಇಳಿದರು. 1962ರ ಭಾರತ-ಚೀನಾ ಯುದ್ಧದ ವೇಳೆ ಚೀನೀ ಮೂಲದ ಸುಮಾರು ಮೂರು ಸಾವಿರ ಮಂದಿಯನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಬಿಡುಗಡೆಯಾದವರಲ್ಲಿ ಎಷ್ಟೋ ಜನ ದೇಶ ಬಿಟ್ಟರು. ಉಳಿದವರಲ್ಲಿ ಹಲವರಿಗೆ ಅನ್ನ ಕೊಟ್ಟದ್ದು ಹೋಟೆಲು. ಟಾಂಗ್ರಾದ ಚರ್ಮದ ಕಾರ್ಖಾನೆಗಳನ್ನು ಊರಾಚೆ ಸಾಗಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲಂತೂ ಆ ಬೀದಿಗಳು ಹೋಟೆಲುಗಳ ಬೀದಿಗಳೇ ಆದವು. ಮೈಸೂರಿನ ಮೆನು ಕಾರ್ಡಿನಲ್ಲಿರುವ ‘ಹಕ್ಕಾ ನೂಡಲ್ಸ್’ ಈ ಜನರ ಹೆಸರು ಹೊತ್ತು ಬಂದ ತಿನಿಸು.

ಮಂಚೂರಿಯ ಕಥೆ ಇನ್ನೂ ಹತ್ತಿರದ್ದು. ಕಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ, ಹೊಸದೇನಾದರೂ ಕೊಡಿ ಎಂದ ಗಿರಾಕಿಗೆ ಮಾಡಿಕೊಟ್ಟದ್ದು ಚಿಕನ್ ಮಂಚೂರಿಯನ್ ಎನ್ನುತ್ತಾರೆ. ನಮ್ಮ ಒಗ್ಗರಣೆಯ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗೆ ಆತ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದ, ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿದ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದೇ ತಡ, ಶುದ್ಧ ಸಸ್ಯಾಹಾರಿ ಹೋಟೆಲುಗಳೂ ಬಾಗಿಲು ತೆರೆದವು. ಹೂಕೋಸೂ ಬ್ರಿಟಿಷರು 1822ರಲ್ಲಿ ತಂದ ಬೀಜದ ಸಂತಾನ. ಮಂಚೂರಿಯಾದಲ್ಲಿ ಇಂಥ ತಿನಿಸೇ ಇಲ್ಲ. ಅದರಿಂದ ನಮ್ಮ ಗೋಬಿಗೇನೂ ಕುಂದಿಲ್ಲ ಬಿಡಿ.

ಮೋಸ ಎನ್ನಬೇಕಾದ್ದು ‘ಶೆಜ್ವಾನ್’ ಎಂಬ ಹಣೆಪಟ್ಟಿಗೆ. ಈ ಹೆಸರಿನ ಮೂಲವಾದ ಚೀನಾದ ಸಿಚುವಾನ್ ಪ್ರಾಂತದ ಅಡುಗೆಯ ಜೀವಾಳ ಖಾರವೊಂದೇ ಅಲ್ಲ, ನಾಲಿಗೆಯನ್ನು ಜುಮ್ಮೆನ್ನಿಸಿ ಮರಗಟ್ಟಿಸುವ ಒಂದು ಪುಟ್ಟ ಕಾಯಿ. ಅದೇ ಕುಲದ ಮರ ನಮ್ಮ ಮಲೆನಾಡು, ಕರಾವಳಿಯಲ್ಲೂ ಇದೆ. ಜುಮ್ಮನಕಾಯಿ ಎಂದರೆ ಅಲ್ಲಿಯವರಿಗೆ ತಿಳಿಯುತ್ತದೆ, ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತೆಪ್ಪಲ್ ಇದೇ. ಮೈಸೂರಿನ ಹೋಟೆಲಿನ ಶೆಜ್ವಾನ್ ರೈಸಿನಲ್ಲಿ ಇದರ ಸುಳಿವಿರುವುದು ಅಪರೂಪ. ಅಲ್ಲಿರುವುದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ವಿನೆಗರು. 1970ರ ದಶಕದಲ್ಲಿ ಮುಂಬೈ ತಾಜ್ ಹೋಟೆಲಿನ ಗೋಲ್ಡನ್ ಡ್ರ್ಯಾಗನ್ ಸಿಚುವಾನ್ ಅಡುಗೆಯನ್ನು ಈ ದೇಶಕ್ಕೆ ಪರಿಚಯಿಸಿತು. ಅದರ ಕೆಂಪು ಬಣ್ಣವಷ್ಟೇ ನಮ್ಮ ತನಕ ಬಂದಿದೆ. ಅದೇ ತಟ್ಟೆಗೆ ಶೆಜ್ವಾನ್ ಎಂಬ ಹೆಸರಿಗಾಗಿ ಇಪ್ಪತ್ತು, ಮೂವತ್ತು ರೂಪಾಯಿ ಹೆಚ್ಚು ಕೊಡುವುದು ನನ್ನ ಮಟ್ಟಿಗೆ ದಂಡ.

ಗಾಡಿಯವರ ಕಸುಬನ್ನು ಮಾತ್ರ ಒಮ್ಮೆ ನಿಂತು ನೋಡಬೇಕು. ಮೈದಾ, ಕಾರ್ನ್‌ಫ್ಲೋರ್ ಕಲಸಿದ ಹಿಟ್ಟಿನಲ್ಲಿ ಹೊರಳಿಸಿದ ಹೂಕೋಸನ್ನು ಸಂಜೆಗೆ ಮುಂಚೆಯೇ ಅರೆಬರೆ ಕರಿದು ರಾಶಿ ಹಾಕಿರುತ್ತಾರೆ. ‘ಅಣ್ಣಾ, ಒಂದ್ ಹಾಫ್ ಗೋಬಿ, ಡ್ರೈ’ ಎಂದ ಕೂಡಲೇ ಅದು ಮತ್ತೆ ಎಣ್ಣೆಗೆ ಬೀಳುತ್ತದೆ. ಗರಿಗರಿಯಾಗುವುದು ಈ ಎರಡನೇ ಕರಿತದಲ್ಲೇ. ಅತ್ತ ಬಾಣಲೆ ಹೊಗೆಯಾಡುವಷ್ಟು ಕಾದಿರುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ಒಂದು ಸೌಟು ಸಾಸು, ಮೇಲೆ ಗೋಬಿ. ಎಡಗೈಯಲ್ಲಿ ಬಾಣಲೆಯ ಹಿಡಿ, ಬಲಗೈಯಲ್ಲಿ ಸೌಟು. ಎರಡು ಸಲ ಎಗರಿಸುವಷ್ಟರಲ್ಲಿ ಬೆಂಕಿ ಬಾಣಲೆಯ ಅಂಚು ನೆಕ್ಕಿ ಹೋಗಿರುತ್ತದೆ. ಆ ಹೊಗೆಯ ವಾಸನೆ ಮನೆಯ ಸ್ಟೌನಲ್ಲಿ ಬರುವುದಿಲ್ಲ, ಅಷ್ಟು ಉರಿ ಅದಕ್ಕಿಲ್ಲ. ಕ್ಯಾಂಟನ್ನಿನ ಅಡುಗೆಯವರು ಪ್ರಾಣ ಬಿಡುವುದೂ ಇದೇ ವಾಸನೆಗೆ. ಈ ಒಂದು ವಿಷಯದಲ್ಲಿ ನಮ್ಮ ಗಾಡಿ ಹುಡುಗ ಎಷ್ಟೋ ಹವಾನಿಯಂತ್ರಿತ ರೆಸ್ಟೋರೆಂಟುಗಳಿಗಿಂತ ಚೀನಾಕ್ಕೆ ಹತ್ತಿರ.

ಆದರೆ ಎಲ್ಲ ಗಾಡಿಯನ್ನೂ ನಂಬಿ ಎಂದು ಹೇಳಲಾರೆ. ಮಾರ್ಚ್ 2024ರಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್‌ನಂಥ ಬಣ್ಣಗಳು ಸಿಕ್ಕಿದ್ದವು. ತಪ್ಪಿದವರಿಗೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಬ್ಯಾಡಗಿ ಮೆಣಸಿನಕಾಯಿಯಿಂದ ಬಂದ ಕೆಂಪು ಇಟ್ಟಿಗೆಯ ಛಾಯೆಯದು. ತಿಂದ ಮೇಲೆ ಬೆರಳು ತೊಳೆದರೂ ಕೆಂಪು ಹೋಗದಿದ್ದರೆ ಆ ಗಾಡಿಯ ಕಡೆ ಮತ್ತೆ ತಲೆಹಾಕಬೇಡಿ. ಎಣ್ಣೆಯ ಬಗ್ಗೆಯೂ ಕಾನೂನಿದೆ: ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಶೇ 25 ಮೀರಬಾರದು ಎಂಬ ನಿಯಮ 1 ಜುಲೈ 2018ರಿಂದ ಜಾರಿಯಲ್ಲಿದೆ. ನಮ್ಮ ಬಳಿ ಅಳೆಯುವ ಉಪಕರಣ ಇಲ್ಲದಿದ್ದರೂ ಕಣ್ಣು, ಮೂಗು ಇವೆ. ಎಣ್ಣೆ ಕಪ್ಪಗಿದ್ದು ನೊರೆ ಕಟ್ಟುತ್ತಿದ್ದರೆ ಹಸಿವನ್ನು ಮುಂದಿನ ಬೀದಿಗೆ ಒಯ್ಯಿರಿ.

ಕೂತು ತಿನ್ನುವ ಹೋಟೆಲನ್ನು ಅಳೆಯಲು ನಾನು ಕೇಳುವುದು ಸಾದಾ ಫ್ರೈಡ್ ರೈಸ್. ಮುಂಚೆಯೇ ಮಾಡಿ ಆರಿಸಿಟ್ಟ ಅನ್ನ ಬಳಸಿದ್ದರೆ ಅಗುಳು ಅಗುಳಾಗಿ ಬಿಡಿಸಿಕೊಳ್ಳುತ್ತದೆ, ಬಿಸಿ ಅನ್ನ ಹಾಕಿದ್ದರೆ ಮುದ್ದೆ. ಬೀನ್ಸು, ಕ್ಯಾರೆಟ್ ಕಚ್ಚಿದರೆ ಕಟಕ್ಕೆನ್ನಬೇಕು. ಟೊಮೆಟೊ ಕೆಚಪ್ಪಿನ ಸಿಹಿ ಬಂತೋ, ಅಡುಗೆಯವನು ಸಾಸಿನ ಬಾಟಲಿಯ ಆಸರೆಯಲ್ಲಿ ಬದುಕುತ್ತಿದ್ದಾನೆ ಎಂದರ್ಥ. ನೂರಾರು ತಿನಿಸಿನ ಮೆನು ಕಾರ್ಡು ಕೊಟ್ಟರೂ ಹೆದರಬೇಡಿ. ಅವೆಲ್ಲ ಮೂರ್ನಾಲ್ಕು ಸಾಸುಗಳ ಅದಲುಬದಲು. ಅಮೆರಿಕನ್ ಚಾಪ್ಸೂಯಿ ಕೇಳುವವರು ಈಗಲೂ ಇದ್ದಾರೆ. ಅಮೆರಿಕದ ಚೀನೀ ವಲಸಿಗರ ಹೋಟೆಲುಗಳಲ್ಲಿ ಹೆಸರಾದದ್ದು ಅದು, ಮಕ್ಕಳಿಗೆ ಇಷ್ಟ, ಅಷ್ಟು ಸಾಕು.

ಈಚೆಗೆ ಗೋಬಿ ಗಾಡಿಯ ಪಕ್ಕದಲ್ಲೇ ಮೊಮೊ ಗಾಡಿಗಳೂ ನಿಲ್ಲುತ್ತಿವೆ. ನೇಪಾಳ, ಡಾರ್ಜಿಲಿಂಗ್, ಈಶಾನ್ಯ ರಾಜ್ಯಗಳ ಹುಡುಗರು ನಡೆಸುವವು ಸಾಕಷ್ಟಿವೆ. ಚೀನಾದ ಇನ್ನೊಂದು ಅಂಚು, ಹಿಮಾಲಯದ ಬದಿಯದು, ನಮ್ಮೂರಿಗೆ ಬರುವ ದಾರಿ ಇದು. ಆದರೆ ಇದರ ನಿಜವಾದ ಮನೆ ನಮ್ಮ ಜಿಲ್ಲೆಯಲ್ಲೇ ಇದೆ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ. ಮೈಸೂರಿನಿಂದ ಸುಮಾರು 80 ಕಿಲೋಮೀಟರ್. 1960ರ ಆಸುಪಾಸಿನಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ ಟಿಬೆಟ್ ನಿರಾಶ್ರಿತರು ನೆಲೆಯೂರಿದರು. 1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ವಿಹಾರ ಸ್ಥಾಪಿಸಿದರು. ನಾವೆಲ್ಲ ಗೋಲ್ಡನ್ ಟೆಂಪಲ್ ಎಂದು ಫೋಟೊ ತೆಗೆಸಿಕೊಂಡು ಬರುವುದು ಅಲ್ಲೇ. ಟಿಬೆಟಿನವರು ತಮ್ಮ ಅಡುಗೆಯನ್ನು ಚೈನೀಸ್ ಎಂದರೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೂ ಚೀನಾ ನೆರೆಯ ಅಡುಗೆಯ ಗುರುತು ಇಲ್ಲಿ ಸಿಗುವಷ್ಟು ಮೈಸೂರಿನ ಯಾವ ರೆಸ್ಟೋರೆಂಟಿನಲ್ಲೂ ನನಗೆ ಸಿಕ್ಕಿಲ್ಲ.

ಉದಾಹರಣೆಗೆ ಲಫಿಂಗ್. ಇದು ಸಿಚುವಾನಿನ ಲಿಯಾಂಗ್‌ಫೆನ್ ಎಂಬ ತಿನಿಸಿನ ಟಿಬೆಟನ್ ರೂಪ. ಹೆಸರುಕಾಳಿನ ಗಂಜಿಪಿಷ್ಟವನ್ನು ನೀರಿನಲ್ಲಿ ಕಾಯಿಸಿ, ತಟ್ಟೆಗೆ ಹೊಯ್ದು, ನಮ್ಮ ಹಾಲುಬಾಯಿಯಂತೆ ಹೆಪ್ಪುಗಟ್ಟಲು ಬಿಡುತ್ತಾರೆ. ಆಮೇಲೆ ಪಟ್ಟಿ ಪಟ್ಟಿಯಾಗಿ ಕೊಯ್ದು ಬೆಳ್ಳುಳ್ಳಿ ನೀರು, ಸೋಯಾ, ವಿನೆಗರು, ಮೆಣಸಿನಕಾಯಿಯ ಕೆಂಪೆಣ್ಣೆ ಸುರಿದು ತಣ್ಣಗೆ ಕೊಡುತ್ತಾರೆ. ಬಾಯಿಗಿಟ್ಟರೆ ಜಾರುತ್ತದೆ, ಹಿಂದೆಯೇ ಖಾರ ಏರುತ್ತದೆ. ತೆಂತುಕ್ ಎಂಬ ಸಾರಿನಲ್ಲಿ ಹಿಟ್ಟನ್ನು ಕೈಯಲ್ಲೇ ಚೂರು ಚೂರು ಹರಿದು ಕುದಿಯಲು ಬಿಡುತ್ತಾರೆ. ಹಬೆಯಲ್ಲಿ ಬೆಂದ ಟಿಂಗ್ಮೊ ಬನ್ನಿಗೆ ಜೊತೆಯಲ್ಲಿ ಪಲ್ಯ ಬೇಕು. ಖಾರ ಬೇಡದ ಹಿರಿಯರಿಗೆ, ಮಕ್ಕಳಿಗೆ ತೆಂತುಕ್ ತರಿಸಿ. ಗೋಬಿಯ ರುಚಿಗೆ ಒಗ್ಗಿದ ನಾಲಿಗೆಗೆ ಮೊದಲು ಸಪ್ಪೆ ಎನಿಸಬಹುದು. ಮೇಜಿನ ಮೇಲೆ ಮೆಣಸಿನಕಾಯಿ ಚಟ್ನಿ ಇರುತ್ತದೆ, ಬೇಕಾದಷ್ಟು ಕಲಸಿಕೊಳ್ಳಿ.

ಹೋಗುವವರು ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿ ಕೊಪ್ಪದಲ್ಲಿ ಇಳಿಯಬೇಕು, ಅಲ್ಲಿಂದ ಆಟೋ. ಮಾಂಸದ ಮೊಮೊ ಆರ್ಡರ್ ಮಾಡುವ ಮುಂಚೆ ಯಾವ ಮಾಂಸ ಎಂದು ಕೇಳಿಕೊಳ್ಳಿ. ಸಂಕೋಚ ಬೇಡ, ಅವರಿಗೂ ಈ ಪ್ರಶ್ನೆ ಅಭ್ಯಾಸವಾಗಿದೆ. ಫೆಬ್ರವರಿ, ಮಾರ್ಚಿನಲ್ಲಿ ಹೊರಟರೆ ಟಿಬೆಟನ್ ಹೊಸವರ್ಷ ಲೋಸರ್ ಯಾವಾಗ ಎಂದು ಮೊದಲು ವಿಚಾರಿಸಿ. ಆ ದಿನಗಳಲ್ಲಿ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ.